ಜಪಾನದ ರಾಕ್ಷಸಗ ನಾವು ಮಾಡಿದ ಆಯಾರ

ಮುಂಡರಗಿ ಕಡೆ ದೊಡ್ಡಾಟದಾಗ ರಾಕ್ಷಸ ವೇಷಕ್ಕ ಒಂದು ಬಾಲ ಇರತೈತಿ, ನೋಡೀರಿಲ್ಲೋ? ಬ್ಯಾರೆ ಯಾವ ಸೀಮಿಯೊಳಗೂ ಇಲ್ಲ. ಒಮ್ಮೆ ಧಾರವಾಡ ಕಡಿಂದ ಇಬ್ಬರು ಓದಿದ ಹುಡುಗರು ಮಾತು ಹಿಡಿಯೂ ಮಷಿನ್ ತಗೊಂಡು ನಮ್ಮ ಮನಿಗೆ ಬಂದ್ರು. "ಅಜ್ಜಾರ, ಈ ಬಾಲದ ಪದ್ಧತಿ ಯಾವ ಕಾಲದ್ದರಿ?" ಅಂದ್ರು. "ಚಾಲುಕ್ಯರ ಕಾಲದ್ದು" ಅಂತ ಹೇಳಿ, ಚಹಾ ಕುಡಿಸಿ ಕಳಿಸಿದೆ. ಬರಕೊಂಡು ಹೋದ್ರು. ಅಷ್ಟು ಬಿಸಲಾಗ ಬಂದ ಹುಡುಗರಿಗೆ ಖರೆ ಹೇಳಿ ಕಳಸೂದು ನನಗ ಚಲೋ ಅನಸಲಿಲ್ಲ.

ಖರೆ ಏನಂದ್ರ, ಆ ಬಾಲ ಜಪಾನದ್ದು. ಅದನ್ನ ಈ ಸೀಮಿಗೆ ತಂದಾಂವ ನಾನು. ಈಗ ಹೇಳತೀನಿ, ಯಾಕಂದ್ರ ನನ್ನ ಹಲ್ಲು ಎಲ್ಲಾ ಹೋಗ್ಯಾವ, ಯಾರಿಗೂ ಅಂಜೂ ಕಾರಣ ಉಳದಿಲ್ಲ.

ರಾಜ್ಯ ಒಂದಾದ ಹೊಸದರಾಗಿನ ಮಾತು. ಅದಕ್ಕಿಂತ ಮೊದಲ ನಮ್ಮ ಕಡೆ ಹ್ಯಾಂಗಿತ್ತಂದ್ರ, ಗದಗಿನವರು ಮುಂಬೈ ಸರಕಾರದವರು, ಲಕ್ಷ್ಮೇಶ್ವರದವರು ಮಿರಜದ ರಾಜಾನವರು, ಶಿರಹಟ್ಟಿಯವರು ಸಾಂಗ್ಲಿ ರಾಜಾನವರು. ಸೈಕಲ್ ಹತ್ತಿ ಮುಂಜಾನೆ ಬಿಟ್ರ ಊಟದ ಹೊತ್ತಿಗೆ ಮೂರು ಆಳಿಕಿ ದಾಟತಿದ್ವಿ. ಸ್ವಾತಂತ್ರ್ಯ ಬಂತು, ರಾಜರು ಹೋದ್ರು. ಆಮ್ಯಾಲೆ ಏಕೀಕರಣ ಆತು, ಎಲ್ಲಾರೂ ಒಂದು ಅಂತ ಊರೂರಿಗೆ ಪೇಢಾ ಹಂಚಿದ್ರು. ರಾಜ್ಯ ಒಂದಾತು ಖರೆ, ಊರು ಒಂದಾಗಲಿಲ್ಲ. ಲಕ್ಷ್ಮೇಶ್ವರದವ ಗದಗಿನವನ್ನ ಕಂಡ್ರ ಮೀಸಿ ತಿರವೂದು ಬಿಡಲಿಲ್ಲ.

ನಾ ಆಗ ಬೆಟಗೇರಿಯ ಒಬ್ಬ ಸಾವಕಾರನ ಹಂತೇಕ ಕೆಲಸಕ್ಕಿದ್ದೆ. ಆತಂದು ಹತ್ತಿಯೊಳಗಿನ ಕಾಳು ಬಿಡಸೂ ಜಿನ್ನು. ಹತ್ತಿ ಸೀಜನ್ ಮುಗೀತಂದ್ರ ತಗಡಿನ ಶೆಡ್ಡು ಖಾಲಿ ಬೀಳತಿತ್ತು. ಅದರಾಗ ಆತ ಪಿಕ್ಚರ ತೋರಸೂ ಮಷಿನ್ ತಂದು ಕುಂದ್ರಿಸಿದ. ನನ್ನ ಕೆಲಸ, ಟಾಂಗಾದಾಗ ಕುಂತು ತಗಡಿನ ಭೋಂಗಾ ಬಾಯಿಗೆ ಇಟಗೊಂಡು ಊರ ತುಂಬ ಒದರೂದು. ಹಗಲಿನ್ಯಾಗೂ ಆಟ ಇರತಿದ್ವು. ತಗಡಿಗೆ ತೂತು ಭಾಳ, ಬಿಸಲು ಒಳಗ ಬರತಿತ್ತು, ತೂತಿಗೆಲ್ಲಾ ಹತ್ತಿ ತುರುಕಿ ಕತ್ತಲಿ ಮಾಡತಿದ್ವಿ. ಮ್ಯಾಲಿಂದ ಹತ್ತಿ ಎಳಿ ಉದರಿ ಮಷಿನ್ ಬೆಳಕಿನಾಗ ಹಾರಾಡತಿತ್ತು. ಹಂಗಾಗಿ ನಮ್ಮಲ್ಲಿ ಯಾವ ಪಿಕ್ಚರ ಹಚ್ಚಿದ್ರೂ ಹಿಮಾ ಬೀಳತಿತ್ತು. ದೇವಲೋಕದಾಗೂ ಬೀಳತಿತ್ತು, ಲಂಕಾದಾಗೂ ಬೀಳತಿತ್ತು.

ಆ ವರ್ಷ ಹಿಂದಿ ಪಿಕ್ಚರ ಸಿಗಲಿಲ್ಲ. ಮುಂಬೈ ಏಜಂಟ ಮೂರು ಜಪಾನಿ ಪಿಕ್ಚರ ಕಳಿಸಿದ. ಮೂರೂ ಒಂದ ಸ್ಟುಡಿಯೋದವು. ಸ್ಟುಡಿಯೋದ ಹೆಸರು ಹೇಳೂದಿಲ್ಲ, ಹೇಳಾಕ ನನಗ ಆಗಲೂ ನಾಲಿಗಿ ಹೊರಳಲಿಲ್ಲ, ಈಗಂತೂ ಹಲ್ಲಿಲ್ಲ.

ಸಾವಕಾರ ಹೌಹಾರಿದ. "ಯಾರಿಗೆ ತಿಳೀತೈತಲೇ ಈ ಭಾಷಾ?"

"ನನಗ ತಿಳೀತೈತ್ರಿ," ಅಂದೆ.

"ನಿನಗ ಹ್ಯಾಂಗ?"

"ಯುದ್ಧದ ಕಾಲಕ್ಕ ಪೂರ್ವದೇಶದಾಗ ಇದ್ನಲ್ರಿ."

ಯುದ್ಧದ ಕಾಲಕ್ಕ ನಾ ಹೋದ ಅತೀ ದೂರದ ಪೂರ್ವದೇಶ ಅಂದ್ರ ಗುಂತಕಲ್ಲು. ಗಾಡಿ ತಪ್ಪಿಸಿಕೊಂಡು ಅಲ್ಲೆ ಮೂರು ದಿನಾ ಪ್ಲಾಟಫಾರ್ಮಿನ ಮ್ಯಾಲೆ ಮಲಗಿದ್ದೆ. ಆದ್ರ ಸಾವಕಾರ ನಂಬಿದ. ಪಡದಾದ ಬಾಜೂಕ ಒಂದು ಸ್ಟೂಲ್ ಹಾಕಿ, ಕೈಯಾಗ ಭೋಂಗಾ ಕೊಟ್ಟು, "ಕತಿ ಬಿಡಿಸಿ ಹೇಳು" ಅಂದ. ಅವತ್ತಿನಿಂದ ನಾ ಗದಗ-ಬೆಟಗೇರಿಯೊಳಗ ಜಪಾನಿ ಪಂಡಿತ.

ಮೊದಲನೇ ಪಿಕ್ಚರದಾಗ ಒಬ್ಬಾಕಿ ವಿಧವಿ ಕಟ್ಟಿಗಿ ಸೇತುವಿ ಮ್ಯಾಲೆ ನಿಂತು ಅಳತಿದ್ಲು. ಒಂದೂವರೆ ತಾಸು ಅತ್ತಳು. ಭಾವಂದಿರು ಹೊಲ ಹಂಚಿಕೊಂಡು ಆಕೀನ ಹೊರಗ ಹಾಕ್ಯಾರ ಅಂತ ನಾ ಹೇಳಿದೆ. ಹೆಂಗಸರೆಲ್ಲಾ ಸೆರಗು ತೊಯಿಸಿಕೊಂಡ್ರು. ಎರಡನೇದ್ರಾಗ ಕತ್ತಿ ಹಿಡದವರು ಅದ ಸೇತುವಿ ಮ್ಯಾಲೆ ಬಡದಾಡಿದ್ರು. ವಿಧವಿಯ ಹಿರೇಭಾವ ಆಗಿದ್ದಾಂವ ಇಲ್ಲಿ ದರವಡೆಖೋರ ಆಗಿದ್ದ. ಮಂದಿ ಅವನ್ನ ಗುರುತು ಹಿಡದ್ರು.

"ಹೊಲ ಹೊಡದದ್ದು ಸಾಲಲಿಲ್ಲೇನಲೇ, ಈಗ ದರವಡಿಗೆ ಇಳದ್ಯಾ!" ಅಂತ ಹಿಂದಿಂದ ಒಬ್ಬಾಂವ ಚಪ್ಪಲಿ ಎತ್ತಿದ.

ಇಲ್ಲೆ ನಮ್ಮ ಮಂದಿ ತಿಳಕೊಂಡ್ರು, ಇದು ಒಂದು ನಾಟಕ ಕಂಪನಿ ಅಂತ. ನಮ್ಮ ಗದಗಿಗೆ ಕಂಪನಿ ಏನು ಹೊಸಾದೇನು? ಒಬ್ಬ ಮಾಲಕ, ಹತ್ತು ಮಂದಿ ನಟರು, ಒಂದು ಅರಮನಿ ಪಡದಾ, ಒಂದು ಅಡವಿ ಪಡದಾ, ಅಡಗಿಯವ, ಎಲ್ಲಾ ಒಂದ ಬಿಡಾರದಾಗ. ಇವತ್ತು ರಾಮ ಆದಾಂವ ನಾಳೆ ಕೀಚಕ. ಜಪಾನದವರದೂ ಹಂಗ ಅಂತ ತಿಳದ್ರು, ಅವರಿಗೆ ಪಡದಾದ ಬದಲಿ ಒಂದು ಸೇತುವಿ ಐತಿ ಅಷ್ಟ. ದಿನಾ ಕೇಳವ್ರು, "ಈ ಕಂಪನಿ ಮುಂದಿನ ಕ್ಯಾಂಪ್ ಎಲ್ಲಿ?" ನಾ ಹೇಳತಿದ್ದೆ, "ಹುಬ್ಬಳ್ಳಿ ಮುಗಿಸಿಕೊಂಡು ಹುಲಕೋಟಿ ಮ್ಯಾಲೆ ಇಲ್ಲಿಗ ಬರತಾರ. ಮಾಲಕರಿಗೆ ನೆಗಡಿ ಆಗೈತಿ, ಅದಕ ತಡಾ." ಹುಲಕೋಟಿಯೊಳಗ ಒಬ್ಬ ಗೌಡ ಅವರ ಬಿಡಾರಕ್ಕಂತ ಎರಡು ಕ್ವಾಣಿ ಸಾರಿಸಿ ಇಟ್ಟಿದ್ದನಂತ. ನನ್ನ ಮ್ಯಾಲೆ ಆಣಿ.

ಮೂರನೇದು ರಾಕ್ಷಸಂದು.

ಏನಂತ ಹೇಳಲಿ! ಆನಿ ಮೈ, ಬಾಳಿಮೀನಿನ ಮೀಸಿ, ಬೆನ್ನ ಮ್ಯಾಲೆ ಗೂನು, ಜಿನ್ನಿನ ಪಟ್ಟಾದಷ್ಟು ಉದ್ದನ ಬಾಲ. ಸಮುದ್ರದಾಗಿಂದ ಎದ್ದು ಊರಿಗೆ ಬಂದು ಮನಿ ತುಳೀತಾನ, ತಂತಿಕಂಬ ಕಿತ್ತು ಹಲ್ಲು ಚುಚ್ಚಿಕೊಳ್ಳತಾನ, ರೇಲ್ವೆ ಸ್ಟೇಷನ್ ಒದೀತಾನ. ಆ ಸೇತುವಿನೂ ತುಳದ. ಅದನ್ನ ತುಳದಾಗ ಶೆಡ್ಡಿನ ತುಂಬ "ಅಯ್ಯಯ್ಯೋ!" ಅಂದ್ರು ನೋಡ್ರಿ, ಮಂದಿ ಸತ್ತದ್ದಕ್ಕೂ ಅಷ್ಟು ಅಂದಿರಲಿಲ್ಲ. ಮೂರು ವಾರದಿಂದ ಬಳಕಿಯ ಸೇತುವಿ ಅದು.

ನನ್ನ ಬುದ್ಧಿ ಕೇಳ್ರಿ. ಗದಗಿನ್ಯಾಗ ತೋರಿಸುವಾಗ ನಾ ಭೋಂಗಾದಾಗ ಹೇಳಿದೆ: "ನೋಡ್ರಿ, ಈಗ ಹುಬ್ಬಳ್ಳಿ ಸ್ಟೇಷನ್ ಒದೀತಾನ!" ಚಪ್ಪಾಳಿಗೆ ತಗಡು ನಡಗಿತು. ಲಾರಿಯೊಳಗ ಮಷಿನ್ ಹೇರಕೊಂಡು ಲಕ್ಷ್ಮೇಶ್ವರಕ್ಕ ಹೋದ್ವಿ. ಅಲ್ಲಿ ಒಂದು ಅಡತಿ ಗೋದಾಮಿನ್ಯಾಗ, ಜ್ವಾಳದ ಚೀಲದ ಮ್ಯಾಲೆ ಮಂದಿ. ಅಲ್ಲೆ ಅಂವ ಗದಗ ಸ್ಟೇಷನ್ ಒದ್ದ. ಶಿರಹಟ್ಟಿಯೊಳಗ ಅಂವ ಲಕ್ಷ್ಮೇಶ್ವರದ ಪ್ಯಾಟಿ ತುಳದ. ಅಲ್ಲೆ ಲಕ್ಷ್ಮೇಶ್ವರದ ಒಬ್ಬ ದಲಾಲ ಬೀಗರ ಮನಿಗೆ ಬಂದಾಂವ ಕುಂತಿದ್ದ. ಎದ್ದು ನಿಂತು, "ಏ, ನಮ್ಮೂರಾಗ ಇದ ರಾಕ್ಷಸ ಗದಗ ತುಳದಿದ್ದ!" ಅಂದ.

ನಾ ಗಾಬರಿ ಆಗಲಿಲ್ಲ. "ಹೌದ್ರಿ ಯಜಮಾನ್ರ, ಅದು ಹೋದ ಮಂಗಳವಾರ. ಈಗ ಮುಂದ ಬಂದಾನ," ಅಂದೆ.

ಆತ ಕುಂತ. ಕುಂತು ಬಾಜೂದವನ್ನ ಕೇಳಿದ, "ನಮ್ಮ ಅಂಗಡಿ ಯಾವ ಕಡೆ ಬರತೈತಿ ಇದರಾಗ?"

ಇನ್ನೊಂದು ಮಾತು. ಆ ಪಿಕ್ಚರದ ಡಬ್ಬಿ ಎಂಟು ಇದ್ವು, ಆದ್ರ ಆರನೇ ಡಬ್ಬಿ ಖಾಲಿ. ರೀಲು ಎಲ್ಲೋ ಹಾದ್ಯಾಗ ಕಳದಿತ್ತು. ಆರನೇ ರೀಲಿನ ಹೊತ್ತಿಗೆ ಪಡದಾ ಬೆಳ್ಳಗ, ಬರೀ ಹತ್ತಿ ಹಿಮಾ. ಆ ಹತ್ತು ನಿಮಿಷ ನಾ ಬಾಯಿಂದ ಪಿಕ್ಚರ ತೋರಸತಿದ್ದೆ. ದಿನಕ್ಕೊಂದು ಕತಿ. ಒಂದಿನಾ ರಾಕ್ಷಸಗ ಮದುವಿ ಮಾಡಿಸಿದೆ. ಭಾಳ ಮಂದಿ ಅಂತಿದ್ರು, ಇಡೀ ಪಿಕ್ಚರದಾಗ ಅದ ಚಲೋ ಅಂತ. ನಾ ಅನ್ನೂದಲ್ಲ, ಮಂದಿ ಅನ್ನೂದು.

ಕಡೀಕ ಮುಂಡರಗಿಗೆ ಬಂದ್ವಿ. ಇಲ್ಲೆ ನನಗ ನನ್ನ ಭೋಂಗಾ ಎದುರಾತು.

ಮುಂಡರಗಿಯೊಳಗ ನನ್ನ ಮಾವ ಇದ್ದ. ನಮ್ಮವ್ವನ ಖಾಸಾ ತಮ್ಮ, ಆಮ್ಯಾಲೆ ನನಗ ಹೆಣ್ಣು ಕೊಟ್ಟಾಂವನೂ ಅವನ. ದೊಡ್ಡಾಟದಾಗ ನಲವತ್ತು ವರ್ಷ ರಾಕ್ಷಸನ ವೇಷ. ತಲಿಗೆ ಕಿರೀಟ, ಹೆಗಲಿಗೆ ಕಟ್ಟಿಗಿ ಭುಜಕೀರ್ತಿ, ಎದಿಗೆ ಕನ್ನಡಿ ಹಚ್ಚಿದ ಕವಚ, ಎಲ್ಲಾ ಕೂಡಿ ಒಂದು ಎಳಗರದ ಭಾರ. ಮಾರಿ ತುಂಬ ಬಣ್ಣ. ಬಣ್ಣಾ ತೊಳಕೊಂಡು ಹಾದ್ಯಾಗ ಹೊಂಟಾಗ ಊರ ಮಂದಿಗೆ ಅವನ ಗುರುತು ಹತ್ತತಿರಲಿಲ್ಲ. ಮೂಗುತಿ ಇಟಗೊಂಡು ಸೀತಾ ಆಗತಿದ್ದವನ್ನ ಹೋಟೆಲಿನ್ಯಾಗ ಕರದು ಚಹಾ ಕುಡಸವ್ರು, ಇವನ್ನ ಕರೀತಿರಲಿಲ್ಲ.

ನಾವು ಮುಂಡರಗಿಗೆ ಹೋದ ದಿನಾನ ಮಾವನ ಮ್ಯಾಳದ ಆಟ ಇತ್ತು. ನನಗ ಗೊತ್ತಿರಲಿಲ್ಲ ಅಂತ ಹೇಳಬಹುದು, ಆದ್ರ ಗೊತ್ತಿತ್ತು. ಟಾಂಗಾದಾಗ ಊರೆಲ್ಲಾ ಒದರಿದೆ, "ಇದ್ದ ರಾಕ್ಷಸರೆಲ್ಲಾ ಇವನ ಮುಂದ ಇರವಿ!" ಮಾವನ ಆಟಕ್ಕ ಹನ್ನೊಂದು ಮಂದಿ ಬಂದ್ರು. ಅದರಾಗ ಆರು ಮಂದಿ ಮ್ಯಾಳದವ್ರು. ಮಾವ ಹಚ್ಚಿದ ಬಣ್ಣಾ ಒರಿಸಿಕೊಂಡು, ವೇಷಾ ಪೆಟಗ್ಯಾಗ ಇಟ್ಟು ಕೀಲಿ ಹಾಕಿ, "ಇನ್ನ ಮುಗೀತು" ಅಂದನಂತ.

ಮರದಿನಾ ಮಧ್ಯಾಹ್ನ ನಮ್ಮ ಆಟಕ್ಕ ಬಂದ. ಮುಂದ ನೆಲದ ಮ್ಯಾಲೆ ಕುಂತ. ನಾ ಸ್ಟೂಲಿನ ಮ್ಯಾಲಿಂದ ಇಳದು ಹೋದೆ.

"ಮಾವಾ, ನೀ ಯಾಕ ಬಂದಿ?"

"ನನ್ನ ಹೊಡದಾಂವ ಯಾರು ಅಂತ ಮುಖಾ ನೋಡಬೇಕು. ಹೋಗು, ನಿನ್ನ ಒದರಾಟ ನಡಸು."

ರಾಕ್ಷಸ ಎದ್ದ. ಮಂದಿ ಚೀರಿದ್ರು. ಹಿಂದ ಒಬ್ಬಾಕಿ ಮುದಕಿ ಭಸ್ಮಾ ಹಚ್ಚಿಕೊಂಡ್ಲು. ಮಾವ ಮಾತ್ರ ಕಣ್ಣು ಸಣ್ಣ ಮಾಡಿ ನೋಡಿದ, ಕುತಗಿ ಓರೆ ಮಾಡಿ ನೋಡಿದ. ಆಮ್ಯಾಲೆ ಎದ್ದು ನಿಂತು ಕೈ ಎತ್ತಿದ. "ನಿಲ್ಲಸ್ರಿ! ಒಳಗ ಮನಷ್ಯಾ ಅದಾನ!"

ಎಲ್ಲಾರೂ ನಕ್ಕರು. "ಕುಂಡ್ರೋ ಮುದುಕಾ!" ಅಂದ್ರು.

"ನಗಬ್ಯಾಡ್ರಿ. ಅವಂಗ ಉಸರು ಸಿಗವಲ್ದು. ನೋಡ್ರಿಲ್ಲೆ, ಎರಡು ಮನಿ ತುಳೀತಾನ, ನಿಲ್ಲತಾನ, ಎದಿ ಏರೂದು ನೋಡ್ರಿ. ಕುತಗಿ ತಿರಗಸೂದಿಲ್ಲ, ಇಡೀ ಮೈ ತಿರಗಸತಾನ. ಅಂದ್ರ ಕುತಗಿ ಹಂತೇಕ ತೂತು ಐತಿ, ಅದರಾಗಿಂದ ನೋಡತಾನ. ಬಲಗಾಲ ಮೊಣಕಾಲು ನೋಯಾಕ ಹತ್ತೈತಿ. ಅವಂಗ ನೀರು ಕೊಡವ್ರು ಯಾರಾರ ಅದಾರೋ ಇಲ್ಲೋ?"

ಅವತ್ತು ಮಷಿನ್ ನಡಸಾಂವ ಅದ ರೀಲು ತಿರಗಿ ಹಚ್ಚಿದ. ಎಲ್ಲಾರೂ ನೋಡಿದ್ರು. ಖರೆ, ಅಂವ ಪ್ರತಿ ಎರಡು ಮನಿಗೊಮ್ಮೆ ದಣಿವಾರಿಸಿಕೊಳ್ಳತಿದ್ದ. ಒಮ್ಮೆ ಕಂಡ ಮ್ಯಾಲೆ ಮತ್ತ ಬ್ಯಾರೆ ಏನೂ ಕಾಣಲಿಲ್ಲ. ಮೊದಲು ಅಂಜಿ ಭಸ್ಮಾ ಹಚ್ಚಿಕೊಂಡ ಮುದಕಿನ, "ಅಯ್ಯ, ಯಾರ ಮಗನೋ ಏನೋ, ಸಾಕು ಬಿಡಪಾ, ಕುಂದರು," ಅಂದ್ಲು.

"ಅವಂಗ ಆಯಾರ ಮಾಡ್ರಿ," ಅಂದ ಮಾವ.

ನಮ್ಮ ಕಡೆ ಗೊತ್ತಲ್ಲ? ನಾಟಕ ಇರಲಿ, ಬಯಲಾಟ ಇರಲಿ, ಪಾತ್ರ ಮನಸಿಗೆ ಬಂತಂದ್ರ ನಡುವ ಆಟ ನಿಲ್ಲಿಸಿ ಆ ನಟಗ ಟಾವೆಲ್ಲು, ರುಮಾಲು, ಅಂಗಿ ಅರಿವಿ ಕೊಡತಾರ. ಇಂಥವರು ಇಂಥಾ ಪಾತ್ರಕ್ಕ ಆಯಾರ ಮಾಡ್ಯಾರ ಅಂತ ಒದರತಾರ. ಆಯಾರ ಇಲ್ಲದ ನಟ ಹೊಳ್ಳಿ ಹೋದ್ರ ಅವಮಾನ ನಟಂದಲ್ಲ, ಊರಿಂದು. ಈಗ ನಡುವ ಪಿಕ್ಚರ ನಿಂತಿತು. ಪಡದಾ ಬೆಳ್ಳಗ. ಬೆಳ್ಳನ ಪಡದಾದ ಮುಂದ ಮಂದಿ ಸಾಲು ಹಚ್ಚಿದ್ರು. ನಾ ಭೋಂಗಾದಾಗ ಒದರಿದೆ: "ಜಪಾನಿ ಕಂಪನಿಯ ರಾಕ್ಷಸ ಪಾತ್ರಧಾರಿಗಳಿಗೆ ಡೋಣಿ ಊರ ಗೌಡರಿಂದ ಒಂದು ಟಾವೆಲ್ಲು! ಕಿರಾಣಿ ಅಂಗಡಿಯವರಿಂದ ಒಂದು ಧೋತರ!" ಮುದಕಿ ಒಂದು ಕುಬಸದ ಖಣ ಕೊಟ್ಲು. "ಅವನ ಹೇಣ್ತಿಗೆ," ಅಂದ್ಲು, "ಗಂಡ ಇಷ್ಟು ದುಡೀತಾನಂದ್ರ ಆಕಿ ಏನು ಉಟ್ಟಾಳೋ." ಒಬ್ಬ ಬಡಿಗ್ಯಾ ಬಂದು ಟಾವೆಲ್ಲು ಹಿಡದು ನಿಂತ. "ಇದು ರಾಕ್ಷಸಗಲ್ಲ. ಆ ಸೇತುವಿ ಕಟ್ಟಿದ ಬಡಿಗ್ಯಾಗ. ಅಷ್ಟು ಚಂದ ಕಟ್ಟಿದ್ದನ್ನ ತುಳಸ್ಯಾರ ಮಕ್ಕಳು," ಅಂದ. ಅವನ ಕಣ್ಣಾಗ ನೀರು.

ಕಡೀಕ ಮಾವ ತನ್ನ ತಲಿ ಮ್ಯಾಲಿನ ಹಸರು ರುಮಾಲು ಬಿಚ್ಚಿದ. ನಲವತ್ತು ವರ್ಷದಾಗ ಅವಂಗ ಬಂದ ಒಂದ ಒಂದು ಆಯಾರ ಅದು.

"ಅಳಿಯಾ, ಇದು ಅವನಿಗೆ ಮುಟ್ಟಬೇಕು."

"ಮುಟ್ಟಸತೀನಿ ಮಾವಾ. ಕಂಪನಿ ಮಾಲಕ ನನ್ನ ಬಳಕಿಯವ," ಅಂದೆ. ಚಟ ಎಲ್ಲಿ ಹೋಗತೈತಿ?

"ಮುಟ್ಟಿದ್ದು ಅಂವ ತಿಳಸಬೇಕು. ಒಳಗಿನ ಮನಷ್ಯಾಗ ಹೊರಗಿನವ್ರು ಕೊಟ್ಟದ್ದು ಮುಟ್ಟತೈತೋ ಇಲ್ಲೋ ನನಗ ಗೊತ್ತಾಗಬೇಕು. ಖಬರ ಬಂದ ದಿನಾ ನಾ ಬಣ್ಣಾ ಹಚ್ಚತೀನಿ. ಬರಲಿಲ್ಲಂದ್ರ ವೇಷದ ಪೆಟಗಿ ಹೊಳಿಗೆ."

ಹೊಳಿ ಅಂದ್ರ ತುಂಗಭದ್ರಾ. ಮಾವ ಆಡಿದ ಮಾತು ತಪ್ಪಾಂವಲ್ಲ. ಈ ಗುಣಾ ಅವನಿಂದ ನನ್ನ ಹೇಣ್ತಿಗೆ ಬಂತು, ನನಗ ಬರಲಿಲ್ಲ.

ಪಿಕ್ಚರ ಹೊಳ್ಳಿ ಕಳಸೂ ದಿನಾ ಮಾವ ಗದಗ ಸ್ಟೇಷನ್ನಿಗೆ ಬಂದ. ಆಯಾರ ಎಲ್ಲಾ ಮಡಚಿ ಮಡಚಿ ಆ ಖಾಲಿ ಆರನೇ ಡಬ್ಬಿಯೊಳಗ ತುಂಬಿದ್ವಿ. ನಾ ಸುತಳಿ ಹುಡಕಾಕ ಆ ಕಡೆ ಹೊಳ್ಳಿದಾಗ ಮಾವ ಅಂಗಿ ಬಕ್ಕಣದಾಗಿಂದ ಏನೋ ತಗದು ಧೋತರದ ಮಡಿಕ್ಯಾಗ ಇಟ್ಟ.

"ಏನದು?"

"ನಿನಗ್ಯಾಕ? ಕಟ್ಟು."

ಪಾರ್ಸಲ್ ಕ್ಲಾರ್ಕು ಆಚಾರ್ರು, ಅಗದಿ ಕಟ್ಟುನಿಟ್ಟಿನ ಮನಷ್ಯಾರು. ಕನ್ನಡಕಾ ಮೂಗಿನ ತುದಿಗೆ ಇಳಿಸಿ ಕೇಳಿದ್ರು, "ಈ ಡಬ್ಬ್ಯಾಗ ಏನದ?"

"ಆರನೇ ರೀಲರೀ."

"ಸೀಲು ಇಲ್ಲಲ್ಲ?"

"ಜಪಾನದಾಗ ಸಮ ಸಂಖ್ಯೆಗೆ ಸೀಲು ಹಾಕೂದಿಲ್ರಿ." ಬರಕೊಂಡ್ರು. ಪಿಕ್ಚರ ಬಂದ ಪೆಟಗಿ ಮುಚ್ಚಳದ ಮ್ಯಾಲೆ ಸ್ಟುಡಿಯೋದ ವಿಳಾಸ ಅಚ್ಚು ಹಾಕಿದ ಚೀಟಿ ಇತ್ತು. ಆ ಚೀಟಿ ಸಾವಕಾಶ ಕಿತ್ತು ಡಬ್ಬಿಗೆ ಅಂಟಿಸಿದೆ, ಮುಂಬೈ ಏಜಂಟ ವಿಳಾಸ ನೋಡಿ ಮುಂದ ಹಡಗಿಗೆ ಹಾಕಲಿ ಅಂತ. ಡಬ್ಬಿ ಒಳಗ, ಹಿಂದಿನ ದಿನಾನ ಆಚಾರ್ರಿಂದ ಬರಿಸಿಕೊಂಡ ಎರಡು ಸಾಲು ಇಂಗ್ಲೀಷ ಇಟ್ಟಿದ್ದೆ: ಇದು ರಾಕ್ಷಸನೊಳಗಿನ ಮನಷ್ಯಾಗ, ಖಣ ಅವನ ಹೇಣ್ತಿಗೆ, ಒಂದು ಟಾವೆಲ್ಲು ಸೇತುವಿ ಕಟ್ಟಿದ ಬಡಿಗ್ಯಾಗ, ಮುಟ್ಟಿದ್ದು ಗದಗ ಪಾರ್ಸಲ್ ಆಫೀಸಿಗೆ ತಿಳಸ್ರಿ. ಏನೋ ಪರೀಕ್ಷಾಕ್ಕ ಓದೂ ಹುಡುಗಗ ಬೇಕು ಅಂತ ಹೇಳಿ ಬರಿಸಿದ್ದೆ, ಆಚಾರ್ರು ಬರದು ತಪ್ಪೂ ತಿದ್ದಿದ್ರು.

ಒಂದು ತಿಂಗಳ ಆತು, ಎರಡಾತು, ಮೂರಾತು. ಖಬರಿಲ್ಲ. ಮಾವ ಊಟ ಕಡಿಮಿ ಮಾಡಿದ. ಮ್ಯಾಳದವ್ರು ಬಂದು, "ರಾಕ್ಷಸ ಇಲ್ಲದ ಆಟ ಹ್ಯಾಂಗ್ರಿ ಮಾಡೂದು, ರಾಮ ಯಾರನ್ನ ಕೊಲ್ಲಬೇಕು?" ಅಂತ ಅತ್ತು ಹೋದ್ರು. ಮನ್ಯಾಗ ನನ್ನ ಹೇಣ್ತಿ ರೊಟ್ಟಿ ಬಡಿಯೂ ಸಪ್ಪಳ ದಿನಾ ದಿನಾ ಏರಿತು.

"ನಮ್ಮಪ್ಪ ಒಣಗಾಕತ್ತಾನ. ಎಲ್ಲಾ ನಿಮ್ಮ ಭೋಂಗಾದಿಂದ."

"ಬರತೈತಿ ತಡಿ. ಹಡಗ ಅಂದ ಮ್ಯಾಲೆ ತಡಾ."

"ನಿಮಗ ಪೂರ್ವದೇಶ ಗೊತ್ತಲ್ಲ, ಹೋಗಿ ತರ್ರಿ!" ಅಂದ್ಲು. ಗುಂತಕಲ್ಲಿನ ಕತಿ ಆಕಿಗೆ ಗೊತ್ತು.

ಹಂಗಾಗಿ ನಾ ಒಂದು ಪತ್ರ ತಯಾರು ಮಾಡಿದೆ. ಪೋಸ್ಟರಿನ ಮ್ಯಾಲಿನ ಜಪಾನಿ ಅಕ್ಷರ ನೋಡಿ ನೋಡಿ, ಕಾಡಿಗಿ ಕಲಸಿ, ಬೇವಿನ ಕಡ್ಡಿಯಿಂದ ಎರಡು ಹಾಳಿ ಬರದೆ. ಕೆಂಪು ಕುಂಕುಮ ಹಚ್ಚಿ ಗಡಗಿ ಮುಚ್ಚಳದ ಮುದ್ರಿ ಒತ್ತಿದೆ. ನೀವು ನೋಡಿದ್ರ ಜಪಾನದ ರಾಜಾನ ಬರದಾನ ಅಂತಿದ್ರಿ. ಮುಂಡರಗಿಗೆ ಹೋಗಿ ಮಾವನ ಮುಂದ ಕುಂತು ಓದಿ ಹೇಳಿದೆ: "ಸಾವಿರ ಶರಣು. ರುಮಾಲು ಮುಟ್ಟಿತು. ಸುತ್ತಿಕೊಂಡು ನಮ್ಮ ಅರಸರ ಮುಂದ ಹೋಗಿದ್ದೆ. ಅರಸರು ಇದು ಎಲ್ಲೀದು ಅಂದ್ರು. ಮುಂಡರಗೀದು ಅಂದೆ. ಸಿಂಹಾಸನದಿಂದ ಎದ್ದು ನಿಂತ್ರು."

ಮಾವ ಕಣ್ಣು ಮುಚ್ಚಿ ಕೇಳಿದ. "ಮತ್ತ?"

"ಧೋತರ, ಟಾವೆಲ್ಲು ಎಲ್ಲಾ ಮುಟ್ಯಾವಂತ."

"ಮತ್ತೇನೂ ಬರದಿಲ್ಲೇನು?"

"ಇಲ್ಲ. ನಿನಗ ಮತ್ತೊಮ್ಮೆ ಶರಣು."

ಮಾವ ಹಾಳಿ ಇಸಗೊಂಡ, ಮಡಚಿದ, ನನ್ನ ಕೈಯಾಗ ಹೊಳ್ಳಿ ಇಟ್ಟ. "ಅಕ್ಷರ ಚಂದ ಬರದಿ, ಅಳಿಯಾ," ಅಂದ. ಬೈಲಿಲ್ಲ. ಬೈದಿದ್ರ ಚಲೋ ಇತ್ತು. ಎದ್ದು ಒಳಗ ಹೋಗಿ ಪೆಟಗಿ ಎಳಕೊಂಡು ಬಂದು ಕಟ್ಟಿ ಮ್ಯಾಲೆ ಇಟ್ಟ. ಗಾಡಿ ತರಸ್ರಿ ಅಂದ.

ನನ್ನ ಸೊಕ್ಕು ಅವತ್ತು ಇಳೀತು. ಆದ್ರ ಬುದ್ಧಿ ಇಳೀಲಿಲ್ಲ. ಹಿತ್ತಲದಾಗಿಂದ ಓಡಿ ಹೋಗಿ ಊರಾಗಿನ ಗಾಡಿಯವರನ್ನೆಲ್ಲಾ ಕಂಡೆ. "ರಾಕ್ಷಸನ ಪೆಟಗಿ ಹೇರಿದ ಗಾಡಿ ಅಚ್ಚು ಉಳೀಲಿಲ್ಲಂತ, ಶಿರಹಟ್ಟಿಯೊಳಗ ಎರಡು ಮುರದ್ವಂತ" ಅಂದೆ. ಒಬ್ಬನೂ ಗಾಡಿ ಕೊಡಲಿಲ್ಲ. ಒಬ್ಬನ ಎತ್ತಿಗೆ ಹೊಟ್ಟಿನೋವು, ಒಬ್ಬನ ಗಾಲಿಗೆ ಕೀಲಿಲ್ಲ, ಒಬ್ಬಗ ಅಮಾಸಿ. ಅಮಾಸಿ ಮುಗದು ಎಂಟು ದಿನಾ ಆಗಿತ್ತು. ಖರೆ ಹೇಳಬೇಕಂದ್ರ ನಾ ಕಟ್ಟಿದ ಕತಿ ಅವರೂ ನಂಬಿರಲಿಲ್ಲ. ಅವರಿಗೂ ಆ ಪೆಟಗಿ ಹೊಳಿಗೆ ಹೋಗೂದು ಬ್ಯಾಡಾಗಿತ್ತು. ತಲಿ ಮ್ಯಾಲೆ ಹೊತಗೊಂಡು ಹೋಗತೀನಿ ಅಂದ ಮಾವ. ಎತ್ತಾಕ ಆಗಲಿಲ್ಲ. ಪೆಟಗಿ ಕಟ್ಟಿ ಮ್ಯಾಲೆ ಹಂಗ ಇತ್ತು. ಕೋಳಿ ಅದರ ಮ್ಯಾಲೆ ಕುಂದರತಿದ್ವು.

ನಾ ದಿನಾ ಪಾರ್ಸಲ್ ಆಫೀಸಿಗೆ ಹೋಗತಿದ್ದೆ. ಆಚಾರ್ರು ನನ್ನ ನೋಡಿದ ಕೂಡಲೆ ತಲಿ ಅಲ್ಲಾಡಸತಿದ್ರು. ಒಂದು ಮುಂಜಾನೆ ತಲಿ ಅಲ್ಲಾಡಸಲಿಲ್ಲ. ಒಂದು ದಪ್ಪನ್ನ ಲಕೋಟಿ ತೋರಿಸಿದ್ರು. ಅದರ ಮ್ಯಾಲೆ ಹಕ್ಕಿ ಚಿತ್ರದ ತಿಕೀಟು.

"ಒಡದು ಓದ್ರಿ," ಅಂದೆ. ಆಮ್ಯಾಲೆ ಅಂದೆ, "ಬ್ಯಾಡ. ಒಡೀಬ್ಯಾಡ್ರಿ. ನಮ್ಮ ಮಾವ ಬರಲಿ. ನಾ ಮುಟ್ಟೂದೂ ಇಲ್ಲ."

ಮಾವ ಮೊದಲ ಬರಾಕ ಒಲ್ಲೆ ಅಂದ. "ಮತ್ತೊಂದು ಬರದಿಯೇನು? ಇಷ್ಟು ಜಲ್ದಿ?" ಹೇಣ್ತಿ ಬಂದು ಅಪ್ಪನ ಕೈ ಹಿಡದು ಎಬ್ಬಿಸಿ ಬಸ್ಸಿಗೆ ಹತ್ತಿಸಿದ್ಲು. ಆಚಾರ್ರ ಮೇಜಿನ ಮುಂದ ಮಾವ ನಿಂತ. ನನಗ ಬಾಗಲದ ಹೊರಗ ನಿಂದರಾಕ ಹೇಳಿದ. ನಿಂತೆ.

ಆಚಾರ್ರು ಲಕೋಟಿ ಒಡದ್ರು. ಟೈಪ ಮಾಡಿದ ಇಂಗ್ಲೀಷು, ನಾಲ್ಕ ಸಾಲು. ಓದಿ, ಕನ್ನಡಕಾ ತಗದು ಒರಿಸಿ, ಮತ್ತ ಓದಿದ್ರು.

"ರುಮಾಲು, ಅರಿವಿ ಎಲ್ಲಾ ಮುಟ್ಟ್ಯಾವಂತ. ಬಡಿಗೇರಗ ಟಾವೆಲ್ಲು ಕೊಟ್ಟಾರಂತ. ಹೆಂಡತಿ ಖಣಾ ಗ್ವಾಡಿಗೆ ತೂಗ ಹಾಕ್ಯಾಳಂತ." ಬಟ್ಟು ಕೆಳಗಿನ ಸಾಲಿಗೆ ಇಟ್ರು. "ಮುಂದ ಹಿಂಗದ. 'ಧೋತರದಾಗ ಇಟ್ಟಿದ್ದ ಸಣ್ಣ ಶೀಸೆಯೊಳಗಿನ ಎಣ್ಣಿ ಯಾವುದರದು? ಕುತಗಿ ಮ್ಯಾಲಿನ ಗುಳ್ಳಿ ಮೂರು ದಿನದಾಗ ಹೋದ್ವು. ವೇಷದಾಗ ಕುಂತಾಗ ಕೆರಸೂದಿಲ್ಲ ಈಗ. ಇನ್ನಷ್ಟು ಇದ್ರ ಕಳಸ್ರಿ.'"

ನಾ ಬಾಗಲದಾಗಿಂದ ಮುಖಾ ಹಾಕಿದೆ. "ಯಾವ ಎಣ್ಣಿ?"

ಮಾವ ಮೇಜಿನ ತುದಿ ಹಿಡಕೊಂಡಿದ್ದ. "ಬೇವಿನೆಣ್ಣಿ," ಅಂದ. "ಅರಿಷಿಣ ಹಾಕಿ ಕಾಸೀನಿ." ಆಮ್ಯಾಲೆ ನನ್ನ ಕಡೆ ಹೊಳ್ಳಿ, "ನಿನ್ನ ಅರಸರಿಗೆ ಗುಳ್ಳಿ ಆಗಿರಲಿಲ್ಲೇನಲೇ?"

ಲಕೋಟಿಯೊಳಗ ಒಂದು ಫೋಟೊ ಇತ್ತು. ಸಣಕಲ ಮನಷ್ಯಾ, ಕಣ್ಣಿಗೆ ಚಾಳೀಸು ಹಾಕ್ಯಾನ, ಸಣ್ಣ ಸ್ಟೂಲಿನ ಮ್ಯಾಲೆ ಕಾಲು ಚಾಚಿ ಕುಂತಾನ. ತಲಿಗೆ ಮಾವನ ರುಮಾಲು. ಸುತ್ತೂದು ಗೊತ್ತಾಗದ, ದವಾಖಾನಿಯೊಳಗ ತಲಿಗೆ ಪಟ್ಟಿ ಕಟ್ಟಿದಂಗ ಸುತ್ತಿಕೊಂಡಿದ್ದ. ಅವನ ಹಿಂದ ಹಗ್ಗದ ಮ್ಯಾಲೆ ರಾಕ್ಷಸನ ತೊಗಲು ತೊಳದು ಒಣಗಾಕ ಹಾಕಿದ್ರು. ಅದರ ಹಿಂದ ಆ ಸೇತುವಿ. ಮತ್ತ ಕಟ್ಟಿದ್ರು!

ಮಾವ ಆ ಫೋಟೊ ಭಾಳ ಹೊತ್ತು ನೋಡಿದ. "ಮೊಣಕಾಲಿಗೆ ಬಟ್ಟಿ ಕಟ್ಟ್ಯಾನ ನೋಡು. ಬಲಗಾಲು. ನಾ ಹೇಳಿದ್ದಿಲ್ಲ?" ಅಂದ.

ಆಚಾರ್ರು ರಿಜಿಸ್ಟರು ತಗದ್ರು. "ಒಂದು ಕೇಳ್ತೀನಿ. ಇಲ್ಲಿ ಆರನೇ ರೀಲು ಅಂತ ಬರಿಸೀರಿ. ರೀಲಿನ್ಯಾಗ ಶೀಸೆ ಹ್ಯಾಂಗ ಬಂತು?"

ನಾ ಜೀವಮಾನದಾಗ ಅದೊಂದ ಸರ್ತೆ ಖರೆ ಹೇಳಿ ಬರಿಸಿದೆ.

ಮುಂಡರಗಿಗೆ ಹೊಳ್ಳಿ ಬಂದ ಕೂಡಲೆ ಮಾವ ಪೆಟಗಿ ಮ್ಯಾಲಿನ ಕೋಳಿ ಓಡಿಸಿ ಕೀಲಿ ತಗದ. ಭುಜಕೀರ್ತಿಗೆ ಹತ್ತಿದ ಹಿಕ್ಕಿ ಒರಿಸಿದ. ಆಮ್ಯಾಲೆ ಕೇಳಿದ, "ಅಳಿಯಾ, ಬಾಲಕ್ಕ ಎಷ್ಟು ಹತ್ತಿ ಬೇಕಾಗಬಹುದು?"

"ಯಾವ ಬಾಲ?"

"ಅಂವ ಅಷ್ಟು ದೂರ ಕುಂತು ನನ್ನ ರುಮಾಲು ಸುತ್ಯಾನ. ನಾ ಅವನ ಬಾಲ ಕಟಗೋಬಾರದೇನು?"

ಸಾವಕಾರನ ಜಿನ್ನಿನ ಹತ್ತಿ, ಹಳೇ ಗೋಣಿತಟ್ಟು, ಮ್ಯಾಲೆ ಡಾಂಬರು. ಹನ್ನೆರಡು ಮೊಳ ಆತು. ಅಷ್ಟು ಭಾರ ಮಾವ ಒಬ್ಬನ ಎಳೀಲಾರ. ಬಾಲದ ತುದಿಯೊಳಗ ಒಬ್ಬಾಂವ ಹೊಕ್ಕು ನಡೀಬೇಕು. ಯಾರು ಅಂತ ಯಾರೂ ಕೇಳಲಿಲ್ಲ. ಎಲ್ಲಾರೂ ನನ್ನ ಕಡೆ ನೋಡಿದ್ರು. ಹೇಣ್ತಿ ತಟ್ಟಿನ ಬಾಯಿ ಅಗಲ ಮಾಡಿ ಹಿಡದು, "ಹೋಗ್ರಿ, ಪೂರ್ವದೇಶಕ್ಕ," ಅಂದ್ಲು.

ಹೊತ್ತು ಮುಣಗೂದಕ್ಕ ಆಟ ಸುರು ಆತು. ಎಷ್ಟು ಮಂದಿ ಬಂದಿದ್ರು ಅಂತ ಕೇಳಬ್ಯಾಡ್ರಿ. ನಾ ಬಾಲದಾಗ ಇದ್ದೆ, ಏನೂ ಕಾಣಲಿಲ್ಲ. ಸಪ್ಪಳ ಕೇಳಿದ್ರ ಭಾಳ ಮಂದಿ ಇದ್ದಂಗಿತ್ತು. ಡಾಂಬರ ವಾಸನಿ, ಹತ್ತಿ ಮೂಗಿನಾಗ, ಮೈ ತುಂಬ ಕೆರತ. ಮಾವ ಎರಡು ಹೆಜ್ಜಿ ಹಾಕಿ ನಿಲ್ಲತಿದ್ದ, ಇಡೀ ಮೈ ತಿರಗಿಸಿ ನೋಡತಿದ್ದ, ಅಗದಿ ಆ ಜಪಾನದವನಂಗ. ಮಂದಿ ಚೀರತಿದ್ರು. ನನಗ ಉಸರು ಸಿಗವಲ್ದಾಗಿತ್ತು. ಆಗ ತಿಳೀತು, ನಾ ಎಷ್ಟು ದಿನಾ ಸ್ಟೂಲಿನ ಮ್ಯಾಲೆ ನಿಂತು ಎಂಥಾ ಸುಖದಾಗ ಒದರಿದ್ದೆ ಅಂತ.

ನಡುವ ಆಟ ನಿಂತಿತು. ಯಾರೋ ಮಾವಗ ಆಯಾರ ತಂದಿದ್ರು. ಒಬ್ಬರಲ್ಲ, ಸಾಲು ಹಚ್ಚಿ ತಂದಿದ್ರು. ಒಂದೊಂದು ಹೆಸರು ಹೇಳೂದು ಬಾಲದಾಗ ಕುಂತ ಕೇಳಿದೆ. ಮುಗದ ಮ್ಯಾಲೆ ಭೋಂಗಾದಾಗ ಮಾವನ ಧ್ವನಿ ಬಂತು. ನನ್ನ ಭೋಂಗಾ ಅದು.

"ಬಾಲದಾಗಿನ ಮನಷ್ಯಾಗ ರಾಕ್ಷಸನ ಕಡಿಂದ ಒಂದು ಟಾವೆಲ್ಲು!"

ತಟ್ಟಿನ ಬಾಯಾಗಿಂದ ಒಂದು ಕೈ ಒಳಗ ಬಂತು. ಟಾವೆಲ್ಲಿನ ಒಳಗ ಒಂದು ಸಣ್ಣ ಶೀಸೆ.

ಆ ಟಾವೆಲ್ಲು ಇನ್ನೂ ನನ್ನ ಹಂತೇಕ ಐತಿ. ಬಂದವರಿಗೆಲ್ಲಾ ತೋರಸತೀನಿ. ಚಾಲುಕ್ಯರ ಕಾಲದ್ದು.